ಹನ್ನೊಂದು ನಿಮಿಷದ ಎಮ್ಮೆ

“ಸಾರ್, ಪ್ಯಾಸೆಂಜರ್ ಬಿಡ್ಲಾ?”

ಹೆಡ್‌ಫೋನಿನಲ್ಲಿ ಸ್ಟೇಷನ್ ಮಾಸ್ಟರ್ ಮೂರನೆಯ ಸಲ ಕೇಳಿದ. ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿಗಳನ್ನು ಬಿಡಿಸುವ ಕೆಲಸದ ಅವನು ಉತ್ತರಿಸಲಿಲ್ಲ.

ಉತ್ತರ ಗೊತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆಯಿಂದ ಕೆಟ್ಟು ಕೂತಿದ್ದ ಸಿಗ್ನಲ್ ಹತ್ತೂ ನಲವತ್ತಕ್ಕೆ ಸರಿಹೋಗಿತ್ತು. ಒಂದರ ಹಿಂದೊಂದು ಸಿಕ್ಕಿಕೊಂಡಿದ್ದ ನಾಲ್ಕು ಗಾಡಿಗಳಲ್ಲಿ ಮೂರನ್ನು ಅವನೇ ಬಿಡಿಸಿ ಕಳಿಸಿದ್ದ. ಗೂಡ್ಸನ್ನು ಪಕ್ಕದ ಹಳಿಗೆ ಸರಿಸಿದ್ದ, ಎಕ್ಸ್‌ಪ್ರೆಸ್ಸಿಗೆ ದಾರಿ ಕೊಟ್ಟಿದ್ದ, ನಡುವೆ ಇಬ್ಬರು ಸ್ಟೇಷನ್ ಮಾಸ್ಟರುಗಳ ಜಗಳವನ್ನೂ ಬಿಡಿಸಿದ್ದ. ಎದುರಿನ ಫಲಕದಲ್ಲಿ ಆ ಪ್ಯಾಸೆಂಜರಿನ ಒಂದೇ ಒಂದು ಕೆಂಪು ಗೆರೆ ಉಳಿದಿತ್ತು. ‘ಬಿಡಿ’ ಎಂದರೆ ಮುಗಿಯಿತು.

ಆಗ ಹೆಂಡತಿಯ ಮಾತು ನೆನಪಾಯಿತು. ಬೆಳಿಗ್ಗೆ ಅವನು ಚಪ್ಪಲಿ ಹುಡುಕುತ್ತಿದ್ದಾಗ ಹೇಳಿದ್ದಳು: “ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ.” ಕೋಪದಲ್ಲಿ ಹೇಳಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಅವಳು ನಗುತ್ತಾ ಹೇಳಿದ್ದಳು.

ನೋಡೇಬಿಡೋಣ ಎನಿಸಿತು. ಸುಮ್ಮನೆ ಕೂತ.

ಗಾಡಿ ನಿಂತೇ ಇತ್ತು. ಎಂಟುನೂರು ಜನ ಅವನ ಒಂದು ಮಾತಿಗೆ ಕಾಯುತ್ತಿದ್ದರು. ಸ್ಟೇಷನ್ ಮಾಸ್ಟರೂ ಕಾದ; ಮೇಲಿನವರು ಬಾಯಿ ಬಿಡದಿದ್ದರೆ ಏನೋ ದೊಡ್ಡ ಕಾರಣವೇ ಇರಬೇಕು ಎಂಬುದು ಅವನ ಸರ್ವಿಸಿನ ಅನುಭವ. ಹೀಗೆ ಹನ್ನೊಂದು ನಿಮಿಷ. ತಾನು ಆ ಕುರ್ಚಿಯಲ್ಲಿ ಇದ್ದೇನೆಂಬುದು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಗೊತ್ತಾಯಿತು. ನಾಚಿಕೆಯಾಗುವಷ್ಟು ಸಂತೋಷವಾಯಿತು. ಆಮೇಲೆ “ಬಿಡಿ” ಎಂದ.

ಕಳೆದುಹೋದ ಪ್ರತಿ ನಿಮಿಷವನ್ನೂ ಯಾರದಾದರೂ ತಲೆಗೆ ಕಟ್ಟದೆ ಆ ಕೋಣೆಯಲ್ಲಿ ದಿನ ಮುಗಿಯುವುದಿಲ್ಲ. ಆ ಹನ್ನೊಂದು ನಿಮಿಷ ಯಾರದೆಂದು ಕೇಳಲು ಮೂರು ಗಂಟೆಗೆ ಚೀಫ್ ಕಂಟ್ರೋಲರ್ ಎಲ್ಲರನ್ನೂ ಫೋನಿನಲ್ಲಿ ಸೇರಿಸಿದರು.

“ನಾವು ಹತ್ತೂ ನಲವತ್ತಕ್ಕೇ ಸರಿಮಾಡಿದೀವಿ,” ಎಂದರು ಸಿಗ್ನಲ್‌ನವರು.

“ಹಳಿ ಹಳಿ ಥರಾನೇ ಇದೆ,” ಎಂದರು ಹಳಿಯವರು.

“ನಮ್ಮ ಎಂಜಿನ್ ಏನು ನಿದ್ದೆ ಮಾಡುತ್ತಾ?” ಎಂದರು ಎಂಜಿನ್ನಿನವರು.

“ಅದು ನಂದು ಸಾರ್,” ಎಂದ ಅವನು ಪಕ್ಕದ ಮೇಜಿನಿಂದ.

ಚೀಫ್ ಫೋನಿಗೆ ಕೈ ಅಡ್ಡ ಹಿಡಿದರು. “ನಿಂದು ಅಂದ್ರೆ?”

“ಬೇಕಂತಲೇ ಸುಮ್ನೆ ಕೂತಿದ್ದೆ.”

“ಹುಷಾರಿರ್ಲಿಲ್ವಾ?”

“ಚೆನ್ನಾಗೇ ಇದ್ದೆ ಸಾರ್.”

“ತಲೆ ಕೆಟ್ಟಿದೆಯೇನಯ್ಯಾ? ಗಾಡಿ ತಡ ಆಗೋಕೆ ನಲವತ್ತೆರಡು ಕಾರಣ ಇದೆ ಈ ಪಟ್ಟೀಲಿ. ಸಿಗ್ನಲ್ ಇದೆ, ಮಂಜಿದೆ, ಮುಷ್ಕರ ಇದೆ. ‘ನಾನು’ ಅನ್ನೋ ಕಾಲಮ್ಮೇ ಇಲ್ಲ.”

“ಮೆಮೊ ಕೊಡಿ, ಸಸ್ಪೆಂಡ್ ಮಾಡಿ ಸಾರ್. ನನ್ನ ಹೆಸರಲ್ಲೇ ಇರ್ಲಿ.” ಯಾವುದನ್ನೂ ಅವನು ಇಷ್ಟು ಆಸೆಯಿಂದ ಕೇಳಿದ್ದಿಲ್ಲ.

ಚೀಫ್ ಅವನನ್ನು ಕನಿಕರದಿಂದ ನೋಡಿ ಕೈ ತೆಗೆದರು. “ಎಮ್ಮೆ ಅಡ್ಡ ಬಂದಿತ್ತಂತೆ ಕಣ್ರಪ್ಪಾ.”

ಎಲ್ಲರಿಗೂ ಜೀವ ಬಂದಂತಾಯಿತು. ಸ್ಟೇಷನ್ ಮಾಸ್ಟರ್ ತಾನೂ ಕಂಡೆನೆಂದ. ಒಂದು ಕೊಂಬು ಮುರಿದಿತ್ತಂತೆ. “ಹಾರ್ನ್ ಹೊಡೆದಿದ್ದೇ ಹೊಡೆದಿದ್ದು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ ನಿಂತಿತ್ತು,” ಎಂದರು ಎಂಜಿನ್ನಿನವರು. ಐದು ನಿಮಿಷದಲ್ಲಿ ಆ ಎಮ್ಮೆಗೆ ಅವನಿಗಿಂತ ಹೆಚ್ಚು ಸಾಕ್ಷಿಗಳಿದ್ದರು.

ಶಿಫ್ಟು ಮುಗಿಯುವ ಹೊತ್ತಿಗೆ ಜಾನುವಾರು ಫಾರಂ ಅವನ ಮೇಜಿಗೇ ಬಂತು. ಬಣ್ಣ: ಕಪ್ಪು. ಕೊಂಬು: ಒಂದು. ವಾರಸುದಾರರು: ಸ್ವಲ್ಪ ಯೋಚಿಸಿ ‘ಯಾರೂ ಇಲ್ಲ’ ಎಂದು ಬರೆದ.

ಹೆಂಡತಿಯ ಫೋನ್ ಬಂತು. “ಬರೋದು ತಡವಾ?”

“ಒಂದು ಎಮ್ಮೆ ವಿಷಯ ಇದೆ.”

“ಸರಿ,” ಎಂದು ಇಟ್ಟಳು. ಯಾವ ಎಮ್ಮೆ ಎಂದು ಕೇಳಲಿಲ್ಲ.

ಫಾರಂನಲ್ಲಿ ಕೊನೆಯ ಸಾಲು ಉಳಿದಿತ್ತು: ‘ಬದುಕಿದೆ / ಸತ್ತಿದೆ. ಅನ್ವಯಿಸದ್ದನ್ನು ಹೊಡೆದುಹಾಕಿ.’

“ಸಾರ್, ಸಂಜೆ ಪ್ಯಾಸೆಂಜರ್ ಬಿಡ್ಲಾ?” ಎಂದಿತು ಹೆಡ್‌ಫೋನು.

ಫಲಕದ ಮೇಲೆ ಒಂದು ಕೆಂಪು ಗೆರೆ ಕಾಯುತ್ತಿತ್ತು. ಅವನ ಪೆನ್ನು ಎರಡು ಪದಗಳ ನಡುವೆ ನಿಂತೇ ಇತ್ತು.