ಮೊದಲ ಟ್ಯೂಬು

ಸೂಕ್ಷ್ಮದರ್ಶಕದ ಕತ್ತಲಲ್ಲಿ ಮೂರನೆಯ ಹಸಿರು ಚುಕ್ಕೆ ಮಿನುಗಿದಾಗ ಸಂಜನಾಳ ಬೆರಳು ತಿರುಪಿನ ಮೇಲೆ ಹಾಗೇ ನಿಂತಿತು. ಮೂತ್ರಕೋಶದ ಕ್ಯಾನ್ಸರ್ ಆದವರ ರಕ್ತದಲ್ಲಿ, ಗಡ್ಡೆಯಿಂದ ಕಳಚಿಕೊಂಡು ಅಲೆಯುವ, ಬಣ್ಣ ಹಾಕಿದರೆ ಹಸಿರಾಗಿ ಮಿನುಗುವ ಜೀವಕೋಶಗಳನ್ನು ಹುಡುಕುವುದೇ ಅಹಮದಾಬಾದಿನ ಈ ಲ್ಯಾಬಿನಲ್ಲಿ ಅವಳ ಕೆಲಸ. ಅಜ್ಜಿಯ ಕಥೆಯಲ್ಲಿ ಏಳು ಸಮುದ್ರದಾಚೆ ರಾಕ್ಷಸನ ಪ್ರಾಣ ಹುಡುಕುತ್ತಿದ್ದರಲ್ಲ, ಹಾಗೆ, ಎಂದುಕೊಂಡು ಎರಡು ವರ್ಷ ಹಿಗ್ಗಿನಿಂದಲೇ ಹುಡುಕಿದ್ದಳು. ಆದರೆ ಈ ರಕ್ತ ರೋಗಿಯದಲ್ಲ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಜನ ಸಿಗದೆ, ಭಾನುವಾರ ವಡೋದರಾ ಬಳಿಯ ಕೊಯಾಲಿಯ ಮನೆಗೆ ಹೋದವಳು ಅಪ್ಪನ ತೋಳಿಗೇ ಸೂಜಿ ಚುಚ್ಚಿದ್ದಳು.

ಇವು ಕ್ಯಾನ್ಸರಿನವೇ ಆಗಬೇಕೆಂದಿಲ್ಲ. ಸೂಜಿ ಒಳಹೋಗುವಾಗ ಚರ್ಮದ ಕೋಶಗಳನ್ನೂ ಕೆರೆದುಕೊಳ್ಳುತ್ತದೆ, ಅವೂ ಹೀಗೇ ಹಸಿರಾಗಿ ಕಾಣುತ್ತವೆ. ಅದಕ್ಕೇ ಮೊದಲ ಟ್ಯೂಬನ್ನು ಬಿಸಾಡಿ ಎರಡನೆಯದನ್ನಷ್ಟೇ ತರಬೇಕು. ಅಪ್ಪನ ಮೊದಲ ಟ್ಯೂಬನ್ನು ಬೇರೆ ಎತ್ತಿಟ್ಟಿದ್ದು ನೆನಪಿತ್ತು. ಆಮೇಲೆ? ಅದನ್ನು ಚೆಲ್ಲಿದಿರಾ ಎಂದು ಕೇಳಲು ಮನೆಗೆ ಫೋನು ಮಾಡಿದಳು.

"ಚೆಲ್ಲೂದಂದ್ರೇನು? ನಿಮ್ಮಪ್ಪನ ರಕ್ತ ಅದು, ಮಜ್ಜಿಗಿ ನೀರಲ್ಲ," ಎಂದಳು ಅಮ್ಮ ನಳಿನಿ. "ನೀ ಮರ್ತೀ ಅಂತ ನಾನ ನಿನ್ನ ಡಬ್ಬಿಯೊಳಗ ಇಟ್ಟೆ."

ಡಬ್ಬಿಯಲ್ಲಿದ್ದ ಎರಡೂ ಟ್ಯೂಬಿನ ರಕ್ತವನ್ನು ಲ್ಯಾಬಿನ ಜೊತೆಗಾರ ಅನಿರುದ್ಧ ಒಟ್ಟಿಗೆ ಸುರಿದಿದ್ದ. ಸಂಜನಾ ಗೋಡೆಗೊರಗಿ ನಕ್ಕಳು. ಹಾಗಾದರೆ ಆ ಚುಕ್ಕೆಗಳು ಚರ್ಮದವೂ ಇರಬಹುದು.

ಮರುದಿನ ಬೆಳಗಿನ ರೈಲಿಗೇ ಹೊರಟಳು. ಚರ್ಮವೇ ಇರಬೇಕು, ಚರ್ಮವೇ, ಎಂದು ವಡೋದರಾ ಬರುವವರೆಗೂ ಜಪಿಸಿದಳು.

ರಿಫೈನರಿಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪ ರಾಮಕೃಷ್ಣರಾಯರು ಅಂಗಿಯ ತೋಳು ಮಡಚಿಕೊಂಡು ಕೂತೇ ಇದ್ದರು. ಏನೋ ಹೆಚ್ಚುಕಡಿಮೆಯಾಗಿದೆ, ಇನ್ನೊಮ್ಮೆ ರಕ್ತ ಬೇಕು ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು.

"ಹೋದ ಸಲದ್ದು ರುಚಿ ಹತ್ತೇದೇನವಾ ನಿಮ್ಮ ಲ್ಯಾಬಿನವರಿಗೆ?" ಎಂದರು ಅವರು.

ಈ ಸಲ ತಾನು ಏನನ್ನೂ ಮುಟ್ಟುವುದಿಲ್ಲವೆಂದು ನಳಿನಿ ಕೈಕಟ್ಟಿ ಕುಳಿತಳು. ಮೊದಲ ಟ್ಯೂಬು ಕಸದ ಚೀಲ ಸೇರಿತು. ಎರಡನೆಯದು ತುಂಬಿತು. ಉಳಿದದ್ದು ರಕ್ತ ಕೊಟ್ಟವರ ರೋಗಲಕ್ಷಣ ಕೇಳುವ ಫಾರಮ್ಮು. ಹೋದ ಸಲ ಅಪ್ಪನನ್ನು ಅಂಥದ್ದೆಲ್ಲ ಕೇಳುವುದು ಹೇಗೆಂದು ನಾಚಿ, ಎಲ್ಲ ಪ್ರಶ್ನೆಗೂ ತಾನೇ 'ಇಲ್ಲ' ಎಂದು ಗುರುತು ಹಾಕಿದ್ದಳು. ಈಗ ಕಾಗದದಿಂದ ಕಣ್ಣೆತ್ತದೆ ಕೇಳಿದಳು.

"ಅಪ್ಪಾ, ಮೂತ್ರದಾಗ ಯಾವಾಗರೆ ರಕ್ತ ಕಂಡದೇನು?"

ರಾಯರು ಹತ್ತಿಯನ್ನು ತೋಳಿಗೆ ಒತ್ತಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಳಿನಿ, ಸ್ವಲ್ಪ ಚಹಾ ಇಡ್ತೀಯೇನು?" ಎಂದರು.

ನಳಿನಿ ಎದ್ದು ಒಳಗೆ ಹೋದಳು. ಅವಳು ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಬಿಡುವ ಸದ್ದು ಕೇಳುವವರೆಗೂ ರಾಯರು ಮಗಳ ಮುಖವನ್ನೇ ನೋಡುತ್ತ ಕಾದರು.