ನಾಲ್ಕನೇ ದೃಶ್ಯ ಇಲ್ಲಿಲ್ಲ

೧

ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಜಗಳವಾಗಿದೆ. ನನಗೆ ಕೊಪ್ಪಳದ ಸಮಾರಂಭದಿಂದ ಶುರು ಮಾಡುವ ಆಸೆ. ವೇದಿಕೆ, ಶಾಲು, ಮೈಕು, ಗದ್ದಲ. ಓದುಗರನ್ನು ಮೊದಲ ಸಾಲಿಗೇ ಕೂರಿಸಿಬಿಡಬಹುದು. ಆದರೆ ಈ ಕಥೆ ಯಾರದೋ ಆ ಕಳಕಮ್ಮ ಒಪ್ಪುತ್ತಿಲ್ಲ. ಗಂಗಾವತಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ನನ್ನ ಮೊದಲ ಡ್ರಾಫ್ಟನ್ನು ಓದಿಸಿ ಕೇಳಿ, "ಹಿಂಗ ಬರದ್ರ ನಾ ಬರೇ ಜಗಳಗಂಟಿ ಮುದುಕಿ ಆಗಿ ಕಾಣ್ತೀನ್ರಿ. ಮೊದಲ ಹೊಳಿಯಪ್ಪನ್ನ ಕರಕೊಂಡ ಬರ್ರಿ" ಅಂದಳು.

(ಪಾತ್ರಗಳು ಲೇಖಕನ ಮಾತು ಕೇಳುತ್ತವೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರು ಕಳಕಮ್ಮನನ್ನು ಕಂಡವರಲ್ಲ.)

ಡ್ರಾಫ್ಟ್ ಒಂದು ರದ್ದು.

೨

ಕಳಕಮ್ಮ ಕುಷ್ಟಗಿಯವಳು. ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಸೇರಿ ರಾಣಿ, ಸೊಸೆ, ಸವತಿ, ತಾಯಿ ಎಲ್ಲ ಆಗಿ, ಕಂಪನಿ ಮುಚ್ಚಿದ ಮೇಲೆ ಗಂಗಾವತಿಯಲ್ಲಿ ಮನೆ ಹಿಡಿದು ತನ್ನದೇ ತಂಡ ಕಟ್ಟಿದಳು. ಹೊಳಿಯಪ್ಪ ಯಲಬುರ್ಗಾ ಕಡೆಯ ಹಳ್ಳಿಯವನು. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಭತ್ತದ ಚೀಲ ತೂಗುವ ಕೆಲಸ. ಒಂದು ಮಧ್ಯಾಹ್ನ ಹೊಟ್ಟಿನ ಧೂಳು ಮೆತ್ತಿದ ಅಂಗಿಯಲ್ಲೇ ಬಂದು, ನಾಟಕ ಬರೆದಿದ್ದೇನೆ, ಕೇಳಬೇಕು ಎಂದ.

ಕೇಳಿದಳು. ದೀಪ ಹಚ್ಚುವ ಹೊತ್ತಾದರೂ ಅದು ಮುಗಿಯಲಿಲ್ಲ. ತಂಡದವರು ಒಬ್ಬೊಬ್ಬರೇ ಚಹಾದ ನೆವ ಹೇಳಿ ಜಾರಿದರು. ನಾಟಕದ ಹೆಸರು 'ಸುಳ್ಳ ಕಾಟಾ'. ಕಾಟಾ ಅಂದರೆ ತೂಕದ ಯಂತ್ರ. ಮಿಲ್ಲಿನಲ್ಲಿ ತೂಗುವವನೊಬ್ಬ, ಇನ್ನು ಮೇಲೆ ಸುಳ್ಳು ತೂಗಲಾರೆ ಎಂದು ಕೈ ಕಟ್ಟಿ ನಿಲ್ಲುವ ಕಥೆ. ಅದರಲ್ಲಿ ಎಲ್ಲರೂ ಭಾಷಣ ಮಾಡುತ್ತಿದ್ದರು. ಸತ್ತವನೂ ಎದ್ದು ಕೂತು ಇನ್ನೊಂದು ಭಾಷಣ ಮಾಡಿ ಮತ್ತೆ ಸಾಯುತ್ತಿದ್ದ. ಆದರೆ ನಡುನಡುವೆ ಒಂದೊಂದು ಮಾತು ಬರುತ್ತಿತ್ತು. ಕಂಪನಿಯಲ್ಲಿದ್ದ ಅಷ್ಟು ವರ್ಷಗಳಲ್ಲಿ ಯಾವ ಕವಿಯೂ ಆಕೆಯ ಬಾಯಿಗೆ ಕೊಡದಂಥ ಮಾತು. ಆಕೆಗೆ ಮೈ ಜುಮ್ಮೆಂದಿತು.

"ಇದರಾಗ ಒಂದು ಛಲೋ ನಾಟಕ ಅಡಗಿ ಕುಂತೈತಿ. ಹೊರಗ ತೆಗಿಯೂಣು" ಅಂದಳು.

ಅಲ್ಲಿಂದ ಶುರುವಾದದ್ದು ಅವನು ಸಾಯುವವರೆಗೆ ನಡೆಯಿತು. ಅವನು ಬರೆಯುವುದು, ಇವಳು ಕಡಿಯುವುದು. ತನ್ನ ಮಾತಿಗೆ ಕುಡುಗೋಲು ಹಾಕುತ್ತಾಳೆಂದು ಅವನು ಮಿಲ್ಲಿನ ತುಂಬ ದೂರುತ್ತಿದ್ದ. ಮಾತು ನಿನ್ನದಾದರೂ ಉಸಿರು ನನ್ನದು, ನನ್ನ ಉಸಿರಿಗೆ ಹಿಡಿಯದ್ದು ಮಂದಿಯ ಕಿವಿಗೂ ಹಿಡಿಯುವುದಿಲ್ಲ ಎಂದು ಇವಳು ಹೇಳುತ್ತಿದ್ದಳು. ಯಲಬುರ್ಗಾ, ಕಿನ್ನಾಳ, ಕುಷ್ಟಗಿ, ಎಲ್ಲಿ ನಾಲ್ಕು ಮಂದಿ ಕೂರಲು ಜಾಗವಿದೆಯೋ ಅಲ್ಲೆಲ್ಲ ಆಡಿಸಿದಳು. ಧಾರವಾಡಕ್ಕೆ ಹೋಗಿ ಪ್ರಕಾಶಕರೊಬ್ಬರ ಅಂಗಡಿಯಲ್ಲಿ, ಪುಸ್ತಕ ಕಟ್ಟುವವರ ನಡುವೆ ನಿಂತು ಒಂದು ಇಡೀ ದೃಶ್ಯ ಆಡಿ ತೋರಿಸಿದಳು. ಕಟ್ಟುವವರು ಕೆಲಸ ಬಿಟ್ಟು ನೋಡಿದರು. ಪ್ರಕಾಶಕರು ಚಹಾ ಕುಡಿಸಿ, ಭಾಷೆ ಬಹಳ ಗ್ರಾಮ್ಯವಾಯಿತು ಎಂದು ಕಳಿಸಿದರು. ಕೊಪ್ಪಳದ ಸಾಹಿತ್ಯದ ದೊಡ್ಡ ಮನುಷ್ಯರು, ಚೀಲ ತೂಗುವವನಿಗೇಕೆ ನಾಟಕದ ಉಸಾಬರಿ ಎಂದು ನಕ್ಕರು. ನಕ್ಕವರ ಮನೆಗೂ ಹೋಗಿ ಆಕೆ ನಾಟಕಕ್ಕೆ ಕರೆದು ಬಂದಳು.

(ಇಬ್ಬರ ನಡುವೆ ಒಂದಿಷ್ಟು ಪ್ರೇಮ ಹಾಕಿದರೆ ಹೇಗೆ ಎಂದು ಕೇಳಿದೆ. ನಮ್ಮಿಬ್ಬರ ಬಗ್ಗೆ ಆಡಿಕೊಳ್ಳುವವರ ಪೈಕಿಯೇ ಏನು ನೀವೂ ಎಂದು ಕಳಕಮ್ಮ ಕೇಳಿದಳು. ಹಾಕಿಲ್ಲ.)

೩

ಈಗ ನಾಲ್ಕನೇ ದೃಶ್ಯ.

ಹೊಳಿಯಪ್ಪನಿಗೆ ಮೊದಲೊಬ್ಬ ಹೆಂಡತಿ ಇದ್ದಳು, ದುರಗಮ್ಮ. ಕೂಸನ್ನು ಎತ್ತಿಕೊಂಡು ಅವನನ್ನು ಬಿಟ್ಟು ಹೋದವಳು ಕನಕಗಿರಿಯಲ್ಲಿ ಬೇರೆ ಬದುಕು ಕಟ್ಟಿಕೊಂಡಿದ್ದಳು. ನಾಟಕದ ನಾಲ್ಕನೇ ದೃಶ್ಯದಲ್ಲೂ ನಾಯಕನ ಹೆಂಡತಿ ಮನೆ ಬಿಡುತ್ತಾಳೆ. ಆ ಪಾತ್ರ ಕಳಕಮ್ಮನದೇ. ತಾಲೀಮಿನ ನಡುವೆ ಒಂದು ಮಾತು ಆಕೆಯ ಗಂಟಲಲ್ಲಿ ನಿಂತಿತು. ಅದು ಕೂತು ಕಟ್ಟಿದ ಮಾತಲ್ಲ, ಮುಚ್ಚಿದ ಬಾಗಿಲ ಹಿಂದೆ ಒಬ್ಬ ಹೆಣ್ಣುಮಗಳು ಗಂಡನೊಬ್ಬನಿಗೇ ಹೇಳಿದ ಮಾತು ಎಂದು ಆಕೆಗೆ ಗೊತ್ತಾಗಿಬಿಟ್ಟಿತು. ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದಳು.

"ಇವು ದುರಗಮ್ಮನ ಮಾತು ಹೌದಲ್ಲೊ?"

"ನಾ ಅನುಭವಿಸಿದ್ದು. ನಾ ಬರೀತೀನಿ."

"ಅನುಭವಿಸಿದವರು ಇಬ್ಬರು ಹೊಳಿಯಪ್ಪ. ಬರಿಯಾಂವ ನೀ ಒಬ್ಬಾಂವ."

ಅವನು ಎದ್ದು ಹೋದ. ಭತ್ತದ ಸುಗ್ಗಿ ಮುಗಿಯುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಬಂದು, ಪ್ರತಿ ತೆಗೆಸಿ, ಆಕೆಯ ಎದುರಿಗೇ ಆ ದೃಶ್ಯವನ್ನು ಪೂರ್ತಿ ಹೊಡೆದುಹಾಕಿದ. ತಪ್ಪಾಯಿತು ಅನ್ನಲಿಲ್ಲ. ಚಹಾ ಕೇಳಿದ. ಮುಂದೆ ಆ ಪ್ರತಿ ತಾಲೀಮಿನ ಕೈಗಳಲ್ಲಿ ಚಿಂದಿಯಾಗಿ ಹೋಯಿತು. ನಾಟಕ ಮಾತ್ರ ಮೂರರಿಂದ ಐದಕ್ಕೆ ಹಾರುತ್ತಲೇ ಆಡಿತು. ಯಾಕೆ ಎಂದು ಆ ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

(ದೃಶ್ಯದಲ್ಲಿ ಏನಿತ್ತು ಎಂದು ನೀವು ಕೇಳುತ್ತೀರಿ. ಇಲ್ಲಿ ಒಂದಿಷ್ಟು ಪ್ಯಾರಾ ಬರೆದಿದ್ದೆ. ನನ್ನ ಮಟ್ಟಿಗೆ ಈ ಕಥೆಯಲ್ಲೇ ಅತ್ಯುತ್ತಮವಾದವು. ಕಳಕಮ್ಮ ತೆಗೆಸಿದಳು. ಓದುಗರು ಬಯ್ಯುತ್ತಾರೆ ಎಂದೆ. ಬಯ್ಯಲಿ, ಅವರಿಗೆ ಏನು ಹರಕತ್ತಾಯಿತು ಎಂದಳು.)

೪

ಹೊಳಿಯಪ್ಪ ತೀರಿಕೊಂಡ. (ಇದಕ್ಕೂ ಒಂದು ಕರುಣರಸದ ಪುಟವಿತ್ತು. ಹೋಯಿತು.)

ಬದುಕಿದ್ದಾಗ ಮೂಗು ಮುರಿದವರಿಗೆಲ್ಲ ಅವನು ಒಮ್ಮೆಲೇ ದೊಡ್ಡವನಾದ. ಕೊಪ್ಪಳದಲ್ಲಿ ಅವನ ಹೆಸರಿನ ಪ್ರತಿಷ್ಠಾನ ಎದ್ದಿತು. ಅದರ ಅಧ್ಯಕ್ಷರು ಡಾಕ್ಟರ್ ಗವಿಸಿದ್ದೇಶ, ನಿವೃತ್ತ ಪ್ರಾಧ್ಯಾಪಕರು. ಹೊಳಿಯಪ್ಪನ ತಮ್ಮನಿಂದ ಹಕ್ಕುಗಳನ್ನೆಲ್ಲ ಬರೆಸಿಕೊಂಡು, ಅವನ ಮನೆಯ ಅಟ್ಟದಲ್ಲಿ ಸಿಕ್ಕ, ಏನೂ ತಿದ್ದದ ಮೊದಲ ಪ್ರತಿಯನ್ನು ಅಚ್ಚು ಹಾಕಿಸಿದರು. ಬಿಡುಗಡೆಯ ದಿನವೇ ಇಡೀ ನಾಟಕದ ಪ್ರಯೋಗ, ಕಳಕಮ್ಮನಿಗೆ ಸನ್ಮಾನ ಎಂದು ಗೊತ್ತು ಮಾಡಿ, ಮುಂಚಿತವಾಗಿ ಒಂದು ಪ್ರತಿ ಕಳಿಸಿದರು.

ಮುನ್ನುಡಿಯಲ್ಲಿ 'ನಟಿಯೊಬ್ಬಳ ಕತ್ತರಿಯಿಂದ ಬಿಡಿಸಿ ತಂದ ಅಸಲಿ ಪಠ್ಯ' ಎಂದಿತ್ತು. ಊರೂರು ಹೊತ್ತು ತಿರುಗಿ, ಕಂಡವರ ಕಾಲು ಹಿಡಿದು, ಅವನನ್ನು ನಾಟಕಕಾರ ಅನ್ನಿಸಿದವಳು 'ನಟಿಯೊಬ್ಬಳು'. ಹೆಸರೂ ಇಲ್ಲ. (ನಾನು ಸಿಟ್ಟಿನಿಂದ ಟೇಬಲ್ ಕುಟ್ಟಿದೆ. ಕಳಕಮ್ಮ ಇದಕ್ಕೆ ನಕ್ಕಿದ್ದಳಂತೆ.) ಆಕೆಯ ನಗು ನಿಂತದ್ದು ಹಾಳೆ ಮಗುಚಿ 'ದೃಶ್ಯ ನಾಲ್ಕು' ಎಂಬ ಅಕ್ಷರ ಕಂಡಾಗ.

ಮರುದಿನವೇ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದಳು. ಗವಿಸಿದ್ದೇಶ ಬಹಳ ಮರ್ಯಾದೆಯಿಂದ ಕೂರಿಸಿದರು. ಈ ದೃಶ್ಯವನ್ನು ಹೊಳಿಯಪ್ಪನೇ ಬೇಡವೆಂದು ತೆಗೆದಿದ್ದ, ಆಡಿಸಬೇಡಿರಿ ಎಂದು ಆಕೆ ಕೇಳಿಕೊಂಡಳು. ಯಾಕೆ ತೆಗೆದ ಎಂದರು. ಹೇಳಲಾಗದು ಎಂದಳು. ಅವರು ನಕ್ಕು, ಇಷ್ಟು ವರ್ಷ ನೀವು ಅವರ ಬಾಯಿ ಮುಚ್ಚಿಸಿದ್ದು ಸಾಕು, ಈಗಲಾದರೂ ಪೂರ್ತಿ ಮಾತಾಡಲಿ ಬಿಡಿ ಎಂದರು. ಕೊನೆಗೆ ಬೇರೆ ದಾರಿ ಕಾಣದೆ ಆಕೆ, ಒಬ್ಬ ಹೆಣ್ಣುಮಗಳು ಇನ್ನೂ ಬದುಕಿದ್ದಾಳೆ, ಆಕೆಗೆ ನೋವಾಗುತ್ತದೆ ಎಂದಳು. ಗವಿಸಿದ್ದೇಶರ ಕಣ್ಣು ಅರಳಿತು.

"ಹೌದಾ? ಯಾರಾಕಿ? ಹೆಸರು ಹೇಳ್ರಿ ಕಳಕಮ್ಮನವರ, ಭಾಳ ಮಹತ್ವದ ಮಾಹಿತಿ ಇದು. ಎರಡನೇ ಮುದ್ರಣಕ್ಕ ಅಡಿಟಿಪ್ಪಣಿ ಹಾಕ್ತೀನಿ."

ಆಕೆ ಚಹಾದ ಕಪ್ಪು ಕೆಳಗಿಟ್ಟಳು. ಒಬ್ಬಾಕೆಯ ಬಾಳು ಈ ಮನುಷ್ಯನ ಕೈಯಲ್ಲಿ ಸಣ್ಣ ಅಕ್ಷರದ ಎರಡು ಸಾಲು. ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು.

(ಗವಿಸಿದ್ದೇಶರನ್ನು ಖಳನಾಯಕ ಮಾಡಲು ಬಹಳ ಹೆಣಗಿದೆ. ಆಗಲಿಲ್ಲ. ಆ ಮನುಷ್ಯ ಹೊಳಿಯಪ್ಪನ ನಾಟಕಗಳನ್ನು ನಿಜವಾಗಿ ಪ್ರೀತಿಸುತ್ತಾರೆ, ಪುಟಗಟ್ಟಲೆ ಬಾಯಿಪಾಠ ಹೇಳುತ್ತಾರೆ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.)

೫

ಕನಕಗಿರಿಯಲ್ಲಿ ದುರಗಮ್ಮ ಸೊಸೆಯ ಜೊತೆ ಸಣ್ಣ ಖಾನಾವಳಿ ನಡೆಸುತ್ತಾಳೆ. ಕಳಕಮ್ಮ ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ನೀರಿಗೆ ಹೋಗುವವರೆಗೆ ಕಾದು, ಕಳಕಮ್ಮ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಹೊಳಿಯಪ್ಪನ ಹೆಸರು ಕೇಳಿದರೂ ಆ ಮುದುಕಿಯ ಕೈ ನಿಲ್ಲಲಿಲ್ಲ. ರೊಟ್ಟಿ ತಿರುವಿ ಹಾಕುತ್ತ ಒಂದೇ ಮಾತು ಕೇಳಿದಳು.

"ಅದರಾಗ ನಾ ಅಳ್ತೀನೇನು?"

"ಅಳ್ತಿ. ಅವನ ಕಾಲಿಗೆ ಬಿದ್ದು ಅಳ್ತಿ."

ಆಗ ಕೈ ನಿಂತಿತು. "ಸುಳ್ಳ ಬರದಾನ ಬಿಡ. ನಾ ಅತ್ತಿಲ್ಲ. ಕೂಸಿನ್ನ ಬಗಲಾಗ ಇಟಗೊಂಡು ಅಂವನ ಮಾರಿ ನೋಡಿ ಹೊಂಟ ಬಂದೀನಿ."

ಮೊಮ್ಮಕ್ಕಳಿಗೆ ಹೊಳಿಯಪ್ಪ ಯಾರೆಂದೇ ಗೊತ್ತಿಲ್ಲ ಎಂದಳು. ಯಲಬುರ್ಗಾ ಕಡೆಯ ಹಳಬರು ಆ ದೃಶ್ಯ ನೋಡಿದರೆ ಬೆರಳು ಮಾಡಿ ತೋರಿಸದೆ ಇರುವುದಿಲ್ಲ. ಅದನ್ನು ಆಡಗೊಡಬಾರದು, ತನ್ನ ಹೆಸರೂ ಬರಬಾರದು, ಇಷ್ಟೇ ಆಕೆ ಕೇಳಿದ್ದು. (ದುರಗಮ್ಮ, ಕನಕಗಿರಿ ಎಂಬ ಹೆಸರು ನಾನು ಇಟ್ಟದ್ದು; ನಿಜವಾದವನ್ನು ಕಳಕಮ್ಮ ನನಗೂ ಹೇಳಿಲ್ಲ.) ಕಳಕಮ್ಮ ಒಪ್ಪಿ ಎದ್ದಳು. ಹೆಸರು ಹೇಳದೆ ಅದನ್ನು ನಿಲ್ಲಿಸುವುದು ಹೇಗೆ ಎಂದು ಮಾತ್ರ ಆಕೆಗೆ ಹೊಳೆಯಲಿಲ್ಲ.

ಪ್ರತಿಷ್ಠಾನದ ಪ್ರಯೋಗದಲ್ಲಿ ಹೆಂಡತಿಯ ಪಾತ್ರ ಭವಾನಿಯದು. ಆ ಹುಡುಗಿಗೆ ವೇದಿಕೆಯ ಮೇಲೆ ನಿಲ್ಲುವುದನ್ನು ಕಲಿಸಿದವಳೇ ಕಳಕಮ್ಮ. ಆಕೆಯನ್ನು ಮನೆಗೆ ಕರೆಸಿದಳು. ಪಾತ್ರ ಬಿಡು ಅಂದರೆ ಇನ್ನೊಬ್ಬಳು ಬರುತ್ತಾಳೆ. ಕಾರಣ ಕೇಳಬೇಡ ಎಂದು ಮೊದಲೇ ಹೇಳಿ, "ಆಕಿ ಅಳಲಿಲ್ಲ ಭವಾನಿ. ಅಂವನ ಮಾರಿ ನೋಡಿ ಸುಮ್ನ ಹೊಂಟಳು. ಇಷ್ಟ ನೆನಪಿಟ್ಕೊ" ಅಂದಳು.

೬

ಕೊಪ್ಪಳದ ಸಮಾರಂಭಕ್ಕೆ ಬಂದೆವು. ನನ್ನ ಕೈಯಲ್ಲಿ ಎರಡು ಮುಕ್ತಾಯ ಸಿದ್ಧವಿದ್ದವು.

ಮುಕ್ತಾಯ ಒಂದು: ಕಳಕಮ್ಮ ಮೈಕು ಹಿಡಿದು ಸತ್ಯವನ್ನೆಲ್ಲ ಹೇಳುತ್ತಾಳೆ, ಸಭೆ ಎದ್ದು ಚಪ್ಪಾಳೆ ಹೊಡೆಯುತ್ತದೆ. (ಸತ್ಯವನ್ನೆಲ್ಲ ಹೇಳಿದರೆ ದುರಗಮ್ಮನ ಗತಿ? ರದ್ದು.)

ಮುಕ್ತಾಯ ಎರಡು: ಸಭೆಯ ನಡುವಿನಿಂದ ದುರಗಮ್ಮನೇ ಎದ್ದು ನಿಲ್ಲುತ್ತಾಳೆ. (ಆಕೆ ಆ ಹೊತ್ತಿನಲ್ಲಿ ಕನಕಗಿರಿಯಲ್ಲಿ ಗಿರಾಕಿಗಳಿಗೆ ಊಟ ಬಡಿಸುತ್ತಿದ್ದಳು. ಕೆಲಸ ಬಿಟ್ಟು ನನ್ನ ಕಥೆಗೆ ಯಾಕೆ ಬರಬೇಕು? ರದ್ದು.)

ನಡೆದದ್ದು ಹೀಗೆ. ನಾಲ್ಕನೇ ದೃಶ್ಯ ಬಂತು. ಗಂಡನ ಪಾತ್ರದವನು ತನ್ನ ಮಾತು ಹೇಳಿ, ಹೆಂಡತಿ ಕಾಲಿಗೆ ಬೀಳಲೆಂದು ಕಾದ. ಭವಾನಿ ಬೀಳಲಿಲ್ಲ. ಬರೆದುಕೊಟ್ಟ ಒಂದು ಮಾತನ್ನೂ ಆಡಲಿಲ್ಲ. ಬಟ್ಟೆಯ ಕೂಸನ್ನು ಬಗಲಿಗೆ ಏರಿಸಿಕೊಂಡು, ಅವನ ಮುಖವನ್ನು ನೋಡಿದಳು. ಅವನು ತಬ್ಬಿಬ್ಬಾಗಿ ತಾನೇ ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಹೊರಟು ಹೋದಳು. ಆಮೇಲೆ ಬಿದ್ದ ಚಪ್ಪಾಳೆಗೆ ಕಳಕಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಮಂದಿಯ ಮುಂದೆ ದುರಗಮ್ಮನ ಒಂದು ಮಾತೂ ಬೀಳಲಿಲ್ಲ.

ನಾಟಕ ಮುಗಿದ ಮೇಲೆ ಗವಿಸಿದ್ದೇಶ ಮೈಕಿಗೆ ಬಂದರು. ಅಚ್ಚಿನ ಮಾತು ಬಿಟ್ಟುಹೋದದ್ದನ್ನೂ ಅವರು ಹೊಳಿಯಪ್ಪನ ಲೆಕ್ಕಕ್ಕೇ ಬರೆದುಬಿಟ್ಟರು. ಎಂಥ ಮೌನ, ಎಂಥ ಪ್ರತಿಭೆ, ಹೊಳಿಯಪ್ಪನವರ ಇಂಥ ದೃಶ್ಯವನ್ನೇ ಅಲ್ಲವೇ ಇಷ್ಟು ವರ್ಷ ಒಂದು ಕತ್ತರಿ ನುಂಗಿದ್ದು ಎಂದರು. ಎಲ್ಲರೂ ಮೊದಲ ಸಾಲಿನಲ್ಲಿದ್ದ ಕಳಕಮ್ಮನ ಕಡೆ ತಿರುಗಿದರು. ಅದೇ ಉಸಿರಿನಲ್ಲಿ ಆಕೆಯನ್ನು ಸನ್ಮಾನಕ್ಕೆ ಕರೆದರು.

ಆಕೆ ಮೇಲೆ ಹೋದಳು. ಶಾಲು ಹೊದಿಸಲು ಬಂದವರನ್ನು ಕೈ ಮಾಡಿ ತಡೆದು ಮೈಕು ತೆಗೆದುಕೊಂಡಳು.

"ನಾಕನೇ ದೃಶ್ಯ ನಾ ಕಡದಿಲ್ರಿ. ಹೊಳಿಯಪ್ಪ ತನ್ನ ಕೈಯಾರೆ ಹೊಡದ ಹಾಕ್ಯಾನ. ಅದ ಅಂವ ಮಾಡಿದ ದೊಡ್ಡ ಕೆಲಸ. ಯಾಕಂತ ನನಗ ಗೊತ್ತೈತಿ, ಹೇಳೂದಿಲ್ಲ."

ಸಾಕ್ಷಿ ಏನು ಎಂದು ಹಿಂದಿನಿಂದ ಯಾರೋ ಕೇಳಿದರು.

"ನಾನ ಸಾಕ್ಷಿ. ಸಾಲದಿದ್ರ ಬಿಡ್ರಿ."

ಯಾರಿಗೂ ಸಾಲಲಿಲ್ಲ. ಮರುದಿನದ ಪೇಪರಿನಲ್ಲಿ 'ಸಮಾರಂಭದಲ್ಲಿ ಹಿರಿಯ ನಟಿಯ ರಂಪಾಟ' ಎಂದು ಬಂತು. ವಾಟ್ಸಾಪ್ ಗುಂಪುಗಳಲ್ಲಿ ಹೊಟ್ಟೆಕಿಚ್ಚು ಎಂದರು, ಅವಳಿಗೂ ಅವನಿಗೂ ಏನಿತ್ತು ಎಂಬುದನ್ನು ಹೊಸದಾಗಿ ಕೆದಕಿದರು. ಜೀವಮಾನವಿಡೀ ಸಂಪಾದಿಸಿದ ಮರ್ಯಾದೆ ಒಂದು ವಾರದಲ್ಲಿ ಮಣ್ಣುಪಾಲಾಯಿತು. ಒಂದೇ ಒಂದು ಹೆಸರು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆಕೆ ಹೇಳಲಿಲ್ಲ. ಪುಸ್ತಕದಲ್ಲಿ ಆ ದೃಶ್ಯ ಇವತ್ತಿಗೂ ಇದೆ. ಅದನ್ನು ನಾನು ಯಾವ ಮುಕ್ತಾಯದಿಂದಲೂ ಅಳಿಸಲಾರೆ.

೭

ಸುಮ್ಮನೆ ಕೂರುವ ಜಾಯಮಾನ ಆಕೆಯದಲ್ಲ. ಹಳೆಯ ತಂಡವನ್ನು ಮತ್ತೆ ಕೂಡಿಸಿದಳು. ಭವಾನಿ ಪ್ರತಿಷ್ಠಾನ ಬಿಟ್ಟು ಬಂದಳು. 'ಸುಳ್ಳ ಕಾಟಾ' ಮತ್ತೆ ಮೂರರಿಂದ ಐದಕ್ಕೆ ಹಾರುತ್ತ ಕಿನ್ನಾಳದಲ್ಲಿ ಆಡಿತು, ಯಲಬುರ್ಗಾದಲ್ಲಿ ಆಡಿತು. ಅಚ್ಚಾದಂತೆ ಆಡದವರು ಆಡಲೇಬಾರದು ಎಂದು ಪ್ರತಿಷ್ಠಾನ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು.

ಅದನ್ನು ಹಿಡಿದು ಕೋರ್ಟಿನ ಅಮೀನ ರಫೀ ಕುಷ್ಟಗಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬಯಲಿನಲ್ಲಿ ಮಂದಿ ಸೇರಿದ್ದರು, ಮೊದಲ ಗಂಟೆ ಬಾರಿಸಿಯಾಗಿತ್ತು. ರಫೀ ಪರದೆಯ ಹಿಂದೆ ಹೋಗಿ, ಸಂಕೋಚದಿಂದಲೇ, ಇದನ್ನು ತೆಗೆದುಕೊಂಡು ಸಹಿ ಮಾಡಬೇಕು ಎಂದ. ಕಳಕಮ್ಮ ಬಣ್ಣ ಮೆತ್ತಿದ ಎರಡೂ ಕೈ ತೋರಿಸಿದಳು.

"ಕಾಗದ ಹೊಲಸಾಗತೈತ್ರಿ ಸಾಹೇಬ್ರ. ನಾಟಕ ಮುಗೀಲಿ, ಕೈ ತೊಳಕೊಂಡು ಸಹಿ ಮಾಡ್ತೀನಿ. ಅಲ್ಲೀತನ ಮುಂದ ಕುಂದರ್ರಿ."

ರಫೀ ಹೊರಗಿನ ಮಂದಿಯನ್ನು ನೋಡಿದ, ಕಾಗದವನ್ನು ನೋಡಿದ. ಮುಗಿದ ಕೂಡಲೇ ಕೊಡುತ್ತೇನೆ ಎಂದು ಹೇಳಿ ಹೋಗಿ ಮೊದಲ ಸಾಲಿನಲ್ಲಿ ಕೂತ. ಪರದೆ ಎದ್ದಿತು.

ಈಗ ಓದುಗರೇ, ನೀವು ಮುಂದೇನು ಎನ್ನುತ್ತೀರಿ. ಮುಂದೇನು ಎಂದು ನನಗೆ ಚೆನ್ನಾಗಿ ಗೊತ್ತು, ಸಿಟ್ಟು ಬರುವಷ್ಟು ಗೊತ್ತು. ನಾಟಕ ಮುಗಿದರೆ ಆ ಮನುಷ್ಯ ಎದ್ದು ಬರಬೇಕು, ಆಕೆ ಕೈ ತೊಳೆಯಬೇಕು. ಮುಗಿದರೆ ತಾನೇ? ಕಥೆ ನನ್ನ ಕೈಯಲ್ಲಿದೆ. ಮೂರನೇ ದೃಶ್ಯ ಆಯಿತು, ಐದನೆಯದು ಶುರುವಾಗಿದೆ. ರಫೀ ಕಾಗದವನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದಾನೆ. ಕಳಕಮ್ಮ ಎದುರು ಬಂದು ನಿಂತು, ಉಸಿರು ಎಳೆದುಕೊಂಡು, ಮಾತು ಶುರು ಮಾಡಿದ್ದಾಳೆ.