ಏಳನೇ ಪುಟದ ನಿಕಿತಾ

ಕಾಲೇಜಿನ ‘ಹಳೆಯ ವಿದ್ಯಾರ್ಥಿಗಳ ವಾರ್ತೆ’ ನನ್ನ ಫೋನಿಗೆ ಬಂದಾಗ ಮಗಳು ನಿಕಿತಾ ಎದುರಿಗೇ ಕೂತು ಗೋರಿಕಾಯಿ ಮುರಿಯುತ್ತಿದ್ದಳು. ವಾರ್ತೆಯ ಏಳನೇ ಪುಟದಲ್ಲಿ ಅದೇ ನಿಕಿತಾ ದೊಡ್ಡ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದಳು. ಫೋಟೊ ಬೇರೆ ಹಾಕಿದ್ದರು. ಅವಳ ಮೇಲಿನ ಸಾಲಿನಲ್ಲಿ ಚರಣ್ ಅನ್ನುವ ಹುಡುಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದ, ಕೆಳಗಿನ ಸಾಲಿನ ಸಾಯಿಪ್ರಿಯಾ ಬ್ಯಾಂಕಿನಲ್ಲಿ ಆಫೀಸರ್. ಅವರಾದರೂ ನಿಜವಾಗಿ ಅಲ್ಲಿದ್ದಾರೋ, ಇಲ್ಲ ಅವರವರ ಅಮ್ಮಂದಿರ ಎದುರಿಗೆ ಕೂತು ಕಾಯಿ ಮುರಿಯುತ್ತಿದ್ದಾರೋ, ಯಾರು ಕಂಡರು.

“ನೋಡೇ ಇಲ್ಲಿ, ನೀನು ಕೆಲಸಕ್ಕೆ ಹೋಗ್ತಿದ್ದೀಯಂತೆ,” ಅಂದೆ.

ಅವಳು ಒಂದು ಸಲ ಬಗ್ಗಿ ನೋಡಿ, “ಫೋಟೊ ಚೆನ್ನಾಗಿದೆ,” ಅಂದು ಮತ್ತೆ ಗೋರಿಕಾಯಿಗೆ ಕೈ ಹಾಕಿದಳು.

ಆ ಕಂಪನಿ ಅವಳಿಗೆ ಕೆಲಸದ ಪತ್ರ ಕೊಟ್ಟಿದ್ದು ನಿಜ. ಕೊನೆಯ ವರ್ಷದಲ್ಲಿರುವಾಗಲೇ ಕಾಲೇಜಿಗೆ ಬಂದು ಸಂದರ್ಶನ ಮಾಡಿ, ಜುಲೈ ಒಂದಕ್ಕೆ ಸೇರಿಕೋ ಅಂದಿದ್ದರು. ಜೂನ್ ಕೊನೆಯಲ್ಲಿ ಒಂದು ಮೇಲ್ ಬಂತು: ಸೇರುವ ದಿನಾಂಕ ಮುಂದಕ್ಕೆ ಹೋಗಿದೆ, ತಿಳಿಸುತ್ತೇವೆ. ಹದಿನಾಲ್ಕು ತಿಂಗಳಾಯಿತು, ಇನ್ನೂ ತಿಳಿಸುತ್ತಲೇ ಇದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಅಂದರೆ ನಮ್ಮದೇ. ಆ ಜೂನಿನಲ್ಲಿ ಅವಳಿಗೆ ಆಫೀಸಿಗೆ ಹಾಕಿಕೊಳ್ಳಲೆಂದು ತಂದ ಆರು ಕುರ್ತಾಗಳಲ್ಲಿ ನಾಲ್ಕನ್ನು ಮನೆಯಲ್ಲೇ ತೊಟ್ಟು ಹಳೆಯದು ಮಾಡಿದ್ದಾಳೆ.

ಅಷ್ಟೇ ಆಗಿದ್ದರೆ ನಾನು ವಾರ್ತೆಯನ್ನು ಓದಿ, ಬೈದು, ಫೋನ್ ಕೆಳಗಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ಶನಿವಾರ ವಿಜಯವಾಡದಲ್ಲಿ ಇನ್ನೊಂದು ಸಂದರ್ಶನವಿತ್ತು. ಇಬ್ರಾಹಿಂಪಟ್ನಂನ ಉಷ್ಣ ವಿದ್ಯುತ್ ಸ್ಥಾವರದ ಹತ್ತಿರ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಕಂಪನಿಯೊಂದಿದೆ. ಕಳೆದ ವರ್ಷ ಪಾಸಾಗಿ ಇನ್ನೂ ಕೆಲಸ ಸಿಗದ ಎಲೆಕ್ಟ್ರಿಕಲ್ ಇಂಜಿನಿಯರುಗಳನ್ನು ಅವರು ತರಬೇತಿಗೆ ತೆಗೆದುಕೊಳ್ಳುತ್ತಿದ್ದರು, ತರಬೇತಿ ಮುಗಿದರೆ ಕೆಲಸ. ನಿಕಿತಾಗೆ ಕಂಪ್ಯೂಟರ್ ಮುಂದೆ ಕೂರುವುದಕ್ಕಿಂತ ಇಂಥದ್ದೇ ಇಷ್ಟ. ಮೂರನೇ ವರ್ಷದಲ್ಲಿ ಒಂದು ತಿಂಗಳು ಸಬ್‌ಸ್ಟೇಷನ್‌ನಲ್ಲಿ ತರಬೇತಿಗೆ ಹೋಗಿ ಬಂದವಳು, ದಿನಾ ಊಟಕ್ಕೆ ಕೂತಾಗ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಳು. ಬೇಕಾದ ಕಾಗದಗಳೆಲ್ಲ ಇದ್ದವು, ಒಂದನ್ನು ಬಿಟ್ಟು. ‘ಈಕೆ ಈವರೆಗೆ ಎಲ್ಲಿಯೂ ಕೆಲಸಕ್ಕೆ ಸೇರಿಲ್ಲ’ ಎಂದು ಕಾಲೇಜು ಬರೆದುಕೊಡಬೇಕಿತ್ತು. ಅದೇ ಕಾಲೇಜು ಏಳನೇ ಪುಟದಲ್ಲಿ ಅವಳು ಕೆಲಸದಲ್ಲಿದ್ದಾಳೆ ಎಂದು ಬರೆದಿತ್ತು.

“ಹೋಗ್ಲಿ ಬಿಡೆ, ಫೋನ್ ಮಾಡಿದ್ರೆ ಸರಿ ಮಾಡ್ತಾರೆ,” ಅಂದರು ನನ್ನ ಗಂಡ ನರಹರಿ. ಇಲ್ಲಿ ವಿಶಾಖಪಟ್ನಂನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಈ ಮನುಷ್ಯನಿಗೆ ಎಲ್ಲವೂ ಫೋನ್ ಮಾಡಿದರೆ ಸರಿಹೋಗುತ್ತದೆ. ಮಂಡ್ಯದಿಂದ ಬರುವಾಗಲೇ ಆ ಸ್ವಭಾವ ಕಟ್ಟಿಕೊಂಡು ಬಂದಿದ್ದರು. ಐದು ಸಲ ಫೋನ್ ಮಾಡಿದೆ. ಐದು ಸಲವೂ ಒಬ್ಬಳು ಹುಡುಗಿ, “ಸಾರ್ ಮೀಟಿಂಗ್‌ನಲ್ಲಿದ್ದಾರೆ ಮೇಡಂ,” ಅಂದಳು.

ಬುಧವಾರ ನಾನು ರಜೆ ಹಾಕಿ ಮಗಳನ್ನು ಕರೆದುಕೊಂಡು ಹೊರಟೆ. ನಮ್ಮ ಟೌನ್‌ಶಿಪ್ಪಿನ ಶಾಲೆಯಲ್ಲಿ ನಾನು ಆಫೀಸ್ ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಹುಟ್ಟಿದ ದಿನ, ಅಪ್ಪನ ಹೆಸರು, ವರ್ಗಾವಣೆ ಪತ್ರ ಬರೆದವಳು. ತಪ್ಪು ತುಂಬಿಸಿ ತಂದ ಅಪ್ಪ ಅಮ್ಮಂದಿರನ್ನು ಕಿಟಕಿಯಾಚೆ ನಿಲ್ಲಿಸಿ, ‘ಇರೋದನ್ನ ಬರೀರಿ, ಇಲ್ಲದ್ದನ್ನಲ್ಲ’ ಎಂದು ಗದರಿದ ಬಾಯಿ ಇದು. ಹಾಗಾಗಿ ಒಂದು ಕಾಲೇಜು ಇಂಥ ಹಸಿ ಸುಳ್ಳನ್ನು ಅಚ್ಚು ಹಾಕಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಲ್ಲಿ ಕೂತು ಏನೇನು ಕೇಳಬೇಕೆಂದು ತೆಲುಗಿನಲ್ಲಿ ಜೋಡಿಸಿಕೊಂಡೆ.

ಕಾಲೇಜು ಇರುವುದು ವಿಶಾಖಪಟ್ನಂನ ಊರಾಚೆ. ಅವರ ಪ್ಲೇಸ್‌ಮೆಂಟ್ ಆಫೀಸು ಮಾತ್ರ ದ್ವಾರಕಾ ನಗರದಲ್ಲಿ, ಒಂದು ಬ್ಯಾಂಕಿನ ಮೇಲಿನ ಮಹಡಿ. ಆ ಕಟ್ಟಡದ ಮುಖಕ್ಕೆ ಕಳೆದ ವರ್ಷ ಕಟ್ಟಿದ ಫ್ಲೆಕ್ಸಿ ಇನ್ನೂ ತೂಗುತ್ತಿತ್ತು. ಕೆಲಸ ಸಿಕ್ಕ ಎಲ್ಲ ಹುಡುಗ ಹುಡುಗಿಯರ ಮುಖಗಳು ಸಾಲುಸಾಲಾಗಿ, ಮೊದಲ ಸಾಲಿನಲ್ಲಿ ನಮ್ಮ ನಿಕಿತಾ. ಬಿಸಿಲಿಗೆ ಅವಳ ಒಂದು ಕೆನ್ನೆ ಬಿಳಿಚಿಕೊಂಡಿತ್ತು. ಕಳೆದ ವರ್ಷ ಇದೇ ಜಾಗದಲ್ಲಿ ಇವಳನ್ನು ನಿಲ್ಲಿಸಿ ಫೋಟೊ ತೆಗೆದು ಮಂಡ್ಯದ ನೆಂಟರಿಷ್ಟರಿಗೆಲ್ಲ ಕಳಿಸಿದ್ದೆ. ಈಗ ನಿಕಿತಾ ತಲೆಯೆತ್ತದೆ ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಮೆಟ್ಟಿಲು ಹತ್ತಿದಳು.

ಪ್ಲೇಸ್‌ಮೆಂಟ್ ಆಫೀಸರ್ ಜಗನ್ಮೋಹನ್ ಗಾರು ಮೀಟಿಂಗ್‌ನಲ್ಲಿರಲಿಲ್ಲ, ಕುರ್ಚಿಯಲ್ಲಿದ್ದರು. ಮರ್ಯಾದಸ್ಥರು, ತೆಲುಗರು ‘ಅವರು’ ಅನ್ನಲು ಹಚ್ಚುವ ‘ಗಾರು’ ಹೆಸರಿಗೆ ಒಪ್ಪುವಂಥವರು. ಎದ್ದು ನಿಂತು ಕೂರಿಸಿ, ಟೀ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಅಂದರು, “ರತ್ನಮ್ಮ ಗಾರು, ನಿಮ್ಮ ಹುಡುಗಿಗೆ ಕೆಲಸ ಸಿಕ್ಕಿದೆಯಲ್ಲಮ್ಮ. ನಮ್ಮಲ್ಲಿ ಒಬ್ಬರಿಗೆ ಒಂದೇ ಕೆಲಸ ಅಂತ ರೂಲು.”

“ಸಿಕ್ಕಿದ್ದು ಪತ್ರ ಸಾರ್, ಕೆಲಸ ಅಲ್ಲ.”

“ಪತ್ರ ಅಂದ್ರೆ ಕೆಲಸಾನೇ ಅಲ್ವಾ.”

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮುಂದಿನ ಮಂಗಳವಾರ ಕಾಲೇಜಿಗೆ ದರ್ಜೆ ಕೊಡುವ ತಪಾಸಣೆಯ ಸಮಿತಿ ಬರುತ್ತಿದೆಯಂತೆ. ಶೇಕಡಾ ತೊಂಬತ್ನಾಲ್ಕು ಜನಕ್ಕೆ ಕೆಲಸವೋ ಮುಂದಿನ ಓದೋ ಒಂದು ದಾರಿಯಾಗಿದೆ ಎಂದು ವಾರ್ತೆಯನ್ನೂ ಸೇರಿಸಿ ಕಳಿಸಿಯಾಗಿದೆಯಂತೆ. ಒಬ್ಬಳನ್ನು ತೆಗೆದರೆ ಉಳಿದವರ ಮೇಲೂ ಅನುಮಾನ ಬರುತ್ತದಂತೆ. ಸ್ವಲ್ಪ ಯೋಚಿಸಿ ಅವರೇ ಒಂದು ದಾರಿ ಹುಡುಕಿದರು. “ಉನ್ನತ ವ್ಯಾಸಂಗದ ಪಟ್ಟಿಗೆ ಹಾಕಿಬಿಡಲಾ? ಏನಾದ್ರೂ ಓದ್ತಾ ಇದ್ದಾಳೇನಮ್ಮ?”

“ಪೇಪರ್ ಓದ್ತಾಳೆ,” ಅಂದೆ.

“ಮನೆಪಾಠ ಏನಾದ್ರೂ ಮಾಡ್ತಾಳಾ?”

“ಪಕ್ಕದ ಮನೆ ಇಬ್ಬರು ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ ಸಾರ್,” ಅಂದಳು ನಿಕಿತಾ, ಪಾಪ, ನಿಜ ಹೇಳುವ ಹುಡುಗಿ.

ಅವರ ಮುಖ ಅರಳಿತು. “ಸ್ವಂತ ಉದ್ಯಮ. ಅಲ್ಲಿಗೆ ಹಾಕೋಣ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಜೋಡಿಸಿಟ್ಟುಕೊಂಡಿದ್ದ ತೆಲುಗೆಲ್ಲ ಒಟ್ಟಿಗೆ ಬಂತು. ನಿಮ್ಮ ಶೇಕಡಾ ತೊಂಬತ್ನಾಲ್ಕಕ್ಕೆ ನನ್ನ ಮಗಳನ್ನು ಯಾಕೆ ಬಲಿ ಕೊಡುತ್ತೀರಿ, ಈ ವರ್ಷ ನೀವು ಮಾಡಿಸಿದ ಎರಡು ಸಂದರ್ಶನಕ್ಕೂ ಅವಳನ್ನು ಕರೆಯಲಿಲ್ಲ, ಕಂಪನಿಗೆ ಸೇರಿದ್ದಾಳೆಂದು ನಿಮಗೆ ಯಾರು ಹೇಳಿದರು, ಬಾಯಿಗೆ ಬಂದದ್ದು ಬರೆಯಲು ಇದೇನು ಕಾಲೇಜೋ ಸಂತೆಯೋ ಅಂದೆ. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು.

ಜಗನ್ಮೋಹನ್ ಗಾರು ಜಗಳವಾಡಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಒಂದು ಹಾಳೆ ಪ್ರಿಂಟ್ ತೆಗೆದು ನನ್ನ ಮುಂದಿಟ್ಟರು. ಕಳೆದ ವರ್ಷ ಜೂನಿನಲ್ಲಿ ಪೋಷಕರ ಫೋನಿಗೆ ಅವರು ಕಳಿಸಿದ್ದ ಫಾರಂ ಅದು. ವಿದ್ಯಾರ್ಥಿಯ ಹೆಸರು, ನಿಕಿತಾ. ಕೆಲಸಕ್ಕೆ ಸೇರಿದ್ದಾರೆಯೇ, ಹೌದು. ಸೇರಿದ ದಿನಾಂಕ, ಜುಲೈ ಒಂದು. ಕೆಳಗೆ ತುಂಬಿದವರ ಫೋನ್ ನಂಬರು. ಅದು ನನ್ನದು.

ಆಗ ನೆನಪಾಯಿತು. ಜೂನ್ ಇಪ್ಪತ್ತರ ಹೊತ್ತಿಗೆ ಇರಬೇಕು. ಹತ್ತು ದಿನದಲ್ಲಿ ಸೇರುವವಳೇ ತಾನೆ ಎಂದು ನಾನೇ ‘ಹೌದು’ ಒತ್ತಿದ್ದೆ. ಹೌದು ಅಂದವರ ಫೋಟೊ ಫ್ಲೆಕ್ಸಿಯಲ್ಲಿ ಮೊದಲ ಸಾಲಿಗೆ ಬರುತ್ತದೆ ಎಂದು ಆ ಫಾರಂನಲ್ಲೇ ಬರೆದಿತ್ತು. ನನ್ನ ನಾದಿನಿಯ ಮಗನ ಫೋಟೊ ಅದರ ಹಿಂದಿನ ತಿಂಗಳು ಮಂಡ್ಯದ ಪೇಪರಿನಲ್ಲಿ ಬಂದಿತ್ತು. ಆಮೇಲೆ ದಿನಾಂಕ ಮುಂದಕ್ಕೆ ಹೋದಾಗ ಈ ಫಾರಂ ನನ್ನ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಇಪ್ಪತ್ತೆರಡು ವರ್ಷ ಕಿಟಕಿಯ ಈಚೆ ಕೂತವಳನ್ನು ಯಾರೋ ಕತ್ತು ಹಿಡಿದು ಆಚೆ ನಿಲ್ಲಿಸಿದ ಹಾಗಾಯಿತು. ನಾಚಿಕೆಯಾಯಿತು, ಮಗಳ ಕಡೆ ತಿರುಗಲು ಧೈರ್ಯ ಬರಲಿಲ್ಲ.

“ನೀವು ಬರೆದುಕೊಡಿ ಅಮ್ಮ,” ಅಂದರು ಅವರು. “ತಪ್ಪು ಕಾಲೇಜಿನದಲ್ಲ ಅಂತ ಫೈಲಿಗೆ ಹಾಕ್ತೀನಿ. ಆಗ ಪತ್ರ ಕೊಡಬಹುದು. ಆದ್ರೆ ವಾರ್ತೆ ಹಾಕಿದ ಪೋಷಕರ ಗ್ರೂಪಿನಲ್ಲೇ ತಿದ್ದುಪಡಿ ಹಾಕಬೇಕಾಗುತ್ತೆ. ನಿಮಗೆ ಇಬ್ಬಂದಿ ಆಗಲ್ವಾ?”

ಇಬ್ಬಂದಿ ಅಂದರೆ ತೆಲುಗಿನಲ್ಲಿ ತೊಂದರೆ, ಮುಜುಗರ. ಆ ಗ್ರೂಪಿನಲ್ಲಿ ನಮ್ಮ ಟೌನ್‌ಶಿಪ್ಪಿನ ಹದಿನೇಳು ಮನೆಯವರಿದ್ದಾರೆ. ನಾನು ಹಾಳೆ ಕೇಳಿ ಬರೆದೆ. ನನ್ನ ಮಗಳು ಎಲ್ಲಿಯೂ ಕೆಲಸಕ್ಕೆ ಸೇರಿಲ್ಲ. ಸೇರಿದ್ದಾಳೆಂದು ನಾನು ತುಂಬಿಸಿದ್ದು ಸುಳ್ಳು. ಅದರಲ್ಲಿ ಅವಳ ಪಾಲೇನೂ ಇಲ್ಲ. ಓದಿ ನೋಡಿದ ಜಗನ್ಮೋಹನ್ ಗಾರು, ‘ಸುಳ್ಳು’ ತೆಗೆದು ‘ತಿಳಿಯದೆ ಆದ ತಪ್ಪು’ ಅನ್ನಿ ಅಂದರು. ತಿಳಿದೇ ಮಾಡಿದ್ದು, ಇರಲಿ ಅಂದೆ.

ವಾಪಸ್ ಬಸ್ಸಿನಲ್ಲಿ ನಿಕಿತಾ ಕಿಟಕಿಯ ಕಡೆ ತಿರುಗಿ ಕೂತಳು. ಬಸ್ಸು ಗಾಜುವಾಕ ದಾಟಿತು. ಆಮೇಲೆ ಅಂದಳು, “ಆ ಎರಡು ಇಂಟರ್‌ವ್ಯೂಗೆ ಕರೀಲಿಲ್ಲ ಅಂತ ನಾನೇನೋ ಮಾಡಿದ್ದೀನಿ ಅನ್ಕೊಂಡಿದ್ದೆ ಅಮ್ಮ. ಯಾರಿಗೋ ನನ್ನ ಕಂಡ್ರೆ ಆಗಲ್ಲ ಅಂತ.”

“ಬೈದುಬಿಡು,” ಅಂದೆ.

“ವದ್ದಮ್ಮ,” ಅಂದಳು. ಬೇಡ ಅನ್ನುವುದನ್ನು ಅವಳು ತೆಲುಗಿನಲ್ಲೇ ಹೇಳುವುದು. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿಯೊಳಗೆ ತಿದ್ದುಪಡಿ ಗ್ರೂಪಿಗೆ ಬಂತು. ಗುರುವಾರ ಬೆಳಿಗ್ಗೆ ಹಾಲು ತರಲು ಹೋದಾಗ ಮೂರು ಜನ ನಿಲ್ಲಿಸಿ ವಿಚಾರಿಸಿದರು, ಇಬ್ಬರು ಸಮಾಧಾನ ಹೇಳಿದರು. ಮಂಡ್ಯದಿಂದ ನಾದಿನಿಯೂ ಫೋನ್ ಮಾಡಿದಳು. ಅವಳಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ, ನರಹರಿಯ ಮುಖ ನೋಡಿದರೆ ಸಾಕಿತ್ತು.

ಶುಕ್ರವಾರ ರೈಲು ಹತ್ತಿ ವಿಜಯವಾಡಕ್ಕೆ ಹೋದೆವು. ಹಿಂದೆ ನಮ್ಮ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದ ದುರ್ಗಾಂಬ ಗಾರು ಈಗ ಅಲ್ಲಿದ್ದಾರೆ, ಅವರ ಮನೆಯಲ್ಲಿ ಇಳಿದೆವು. ಶನಿವಾರ ಬೆಳಿಗ್ಗೆ ಮೊದಲು ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಅಮ್ಮನವರ ದರ್ಶನ ಮಾಡಿ ಹೋಗಿ ಎಂದು ಅವರು ಹಟ ಹಿಡಿದರು. ಅಮ್ಮನವರು ಕಾಯುತ್ತಾರೆ, ಕಂಪನಿಯವರು ಕಾಯುವುದಿಲ್ಲ ಎಂದು ಮಗಳನ್ನು ಆಟೋ ಹತ್ತಿಸಿದೆ.

ಕಂಪನಿಯ ಗೇಟಿನ ಪಕ್ಕದ ಬೇವಿನ ಮರದಡಿ ನಾನು ಮೂರು ಗಂಟೆ ಕೂತೆ. ಒಳಗಿನಿಂದ ಬಂದವಳ ಮುಖದಲ್ಲಿ ಏನೂ ತಿಳಿಯಲಿಲ್ಲ. ಸಾಹಿತ್ಯ ಅನ್ನುವ ಹೆಸರಿನ ಮೇಡಂ ಒಬ್ಬರು ಅರ್ಧ ಗಂಟೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳಿದರಂತೆ. ಕಾಲೇಜಿನ ಪತ್ರದ ಹಿಂದೆ ಜಗನ್ಮೋಹನ್ ಗಾರು ನನ್ನ ಬರಹದ ಪ್ರತಿಯನ್ನೂ ಪಿನ್ ಮಾಡಿ ಕೊಟ್ಟಿದ್ದರು, ತಮ್ಮ ತಲೆ ಉಳಿಸಿಕೊಳ್ಳಲು. ಮೇಡಂ ಅದನ್ನೂ ಓದಿದರಂತೆ.

“ಏನಂದ್ರು?” ಅಂದೆ.

“‘ನಮ್ಮಮ್ಮನೂ ಹೀಗೇ, ಆದ್ರೆ ಬರೆದುಕೊಡಲ್ಲ’ ಅಂದ್ರು.” ನಿಕಿತಾ ಒಂದು ಕವರ್ ನನ್ನ ಕೈಗಿಟ್ಟಳು. ಒಳಗಿದ್ದ ಪತ್ರವನ್ನು ನಾನು ಮೇಲಿಂದ ಓದಲಿಲ್ಲ, ಕೆಳಗಿಂದ ಓದಿದೆ. ದಿನಾಂಕ ಇತ್ತು. ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಇದ್ದರೇನು, ಕಳೆದ ಸಲವೂ ಇತ್ತು.

ಆಟೋಗೆ ಕಾಯುತ್ತಿರುವಾಗಲೇ ಜಗನ್ಮೋಹನ್ ಗಾರು ಫೋನಿಗೆ ಬಂದರು, ಅಂದರೆ ಅವರ ಸಂದೇಶ ಬಂತು. ಶುಭಾಶಯಗಳು ಅಮ್ಮ, ಫಾರಂ ತುಂಬಿಸಿ, ಹೊಸ ಫೋಟೊ ಕಳಿಸಿ. ಕಂಪನಿಯವರು ಅವರಿಗೆ ಆಗಲೇ ತಿಳಿಸಿದ್ದರು. ಫಾರಂ ತೆರೆದೆ. ಮೊದಲ ಪ್ರಶ್ನೆ, ಕೆಲಸಕ್ಕೆ ಸೇರಿದ್ದಾರೆಯೇ. ನಿಕಿತಾ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ‘ಇಲ್ಲ’ ಒತ್ತಿದೆ.

‘ಧನ್ಯವಾದಗಳು. ಈ ಫಾರಂ ಕೆಲಸಕ್ಕೆ ಸೇರಿದವರಿಗೆ ಮಾತ್ರ’ ಎಂದು ಬಂದು ಫಾರಂ ತಾನೇ ಮುಚ್ಚಿಕೊಂಡಿತು. ನಿಕಿತಾ ನಕ್ಕಳು. ಎಷ್ಟು ನಕ್ಕಳೆಂದರೆ ಗೇಟಿನ ವಾಚ್‌ಮನ್ ಎದ್ದು ಬಂದು ನೋಡಿದ. ಹದಿನಾಲ್ಕು ತಿಂಗಳಿಂದ ಆ ನಗುವನ್ನು ನಾನು ಕೇಳಿರಲಿಲ್ಲ, ಅಳು ಬಂದಂತಾಗಿ ಆಟೋ ಹುಡುಕುವ ನೆವ ಮಾಡಿದೆ.

ಅವಳನ್ನು ದುರ್ಗಾಂಬ ಗಾರು ಅವರ ಮನೆಯಲ್ಲೇ ಬಿಟ್ಟು ಭಾನುವಾರ ನಾನು ಊರಿಗೆ ಬಂದೆ. ಸೋಮವಾರ ಒಂಬತ್ತೂವರೆಗೆ ಶಾಲೆಯ ಆಫೀಸಿನಲ್ಲಿದ್ದಾಗ ಒಂದು ಫೋಟೊ ಬಂತು. ಕಪ್ಪು ಸೇಫ್ಟಿ ಬೂಟು ಹಾಕಿದ ಎರಡು ಕಾಲು, ಕೆಳಗೆ ಎಣ್ಣೆ ಕಲೆಯ ಸಿಮೆಂಟ್ ನೆಲ. ನನ್ನ ಬೆರಳು ತಾನಾಗಿಯೇ ಮಂಡ್ಯದ ಗ್ರೂಪಿನ ಕಡೆ ಹೋಯಿತು. ಅದನ್ನು ಅಲ್ಲೇ ತಡೆದು ಮಗಳಿಗೆ ಫೋನ್ ಮಾಡಿದೆ.

“ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ಯಾ?”

“ಪುಸ್ತಕ ಇಲ್ಲಮ್ಮ, ಮಿಷನ್‌ನಲ್ಲಿ ಬೆರಳು ಒತ್ತೋದು. ಒತ್ತಿದೆ.”

“ಹೆಸರು ಬಂತಾ ಅದ್ರಲ್ಲಿ?”

“ಬಂತು. ಈಗಾದ್ರೂ ಎಲ್ರಿಗೂ ಕಳಿಸ್ಕೋ.”

“ಸಂಜೆ ಹೊರಗೆ ಬರ್ತಾ ಇನ್ನೊಂದ್ಸಲ ಒತ್ತು,” ಅಂದೆ. “ಆಮೇಲೆ ನೋಡೋಣ.”